ನರ್ಸಮ್ಮನ ನಲವತ್ತು ದಿನಗಳು

ಬೈಸಿಕೊಳ್ಳುವುದಕ್ಕೆಂದೇ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಸ್ತರಮ್ಮನವರು ಹಾಗೆ ಕೂರುತ್ತಿದ್ದರು. ವರ್ಷಕ್ಕೆ ನಲವತ್ತು ದಿನ, ಸಂಜೆ ಐದು ಗಂಟೆಗೆ ಸರಿಯಾಗಿ, ಶಿಡ್ಲಘಟ್ಟದ ತಮ್ಮ ಮನೆಯ ನಡುಮನೆಯಲ್ಲಿ, ಒರಗಿಕೊಳ್ಳಲು ಬೆನ್ನಿಲ್ಲದ ಒಂದು ಸ್ಟೂಲಿನ ಮೇಲೆ. ಬೈಯುವವರು ಸತ್ಯವೇದದ, ಎಂದರೆ ಬೈಬಲ್ಲಿನ, ಹಳೇ ಹೀಬ್ರೂ ಪ್ರವಾದಿಗಳು. ಆ ಬೈಗುಳವನ್ನು ಓದಿ ಹೇಳುವವಳು ನಾನು.

"ಇದೇನಮ್ಮ, ಮನೇಲಿ ಕೂತು ಓದ್ಸಿಕೊಳ್ಳಕ್ಕೆ ಇಷ್ಟೊಂದು ತಯಾರಿ?" ಎಂದು ಮೊದಲ ದಿನ ಕೇಳಿದ್ದೆ.

"ದೊಡ್ಡೋರು ಮನೆಗೆ ಬಂದು ಬುದ್ಧಿ ಹೇಳೋವಾಗ ನೈಟೀಲಿ ಕೂತಿರಕ್ಕಾಗುತ್ತೇನಮ್ಮ?" ಎಂದರು.

ಊರಿನವರಿಗೆ ಅವರು ಎಸ್ತರಮ್ಮ ಅಲ್ಲ, ನರ್ಸಮ್ಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುತ್ತಲೇ ಅವರ ಸರ್ವೀಸು ಮುಗಿದಿತ್ತು. ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಮೀಸೆ ಹೊತ್ತ ಗಂಡಸರು ಬೈಕಿನಲ್ಲಿ ಅಡ್ಡ ನಿಂತಿದ್ದರೆ, "ಸರಿಯೋ ಆಕಡೆ. ನಿನಗೆ ಮೊದಲ ಏಟು ಹೊಡ್ದೋಳು ನಾನೇ ಕಣೋ" ಎನ್ನುತ್ತಿದ್ದರು. ಹುಟ್ಟಿದ ಕೂಸು ಅಳಲಿ ಎಂದು ಅಂಗಾಲಿಗೆ ಹೊಡೆದದ್ದನ್ನು ಹೇಳುತ್ತಿದ್ದಾರೆಂದು ತಿಳಿದು ಆ ಗಂಡಸರು ನಾಚಿಕೊಂಡು ದಾರಿ ಬಿಡುತ್ತಿದ್ದರು. ಅವರು ತೀರಿಕೊಂಡು ಈಗ ಎರಡು ವರ್ಷ. ನನಗೆ ಅದಕ್ಕೂ ಮೊದಲೇ ಗೌರಿಬಿದನೂರಿಗೆ ವರ್ಗವಾಗಿತ್ತು. ಇಲ್ಲಿ ಮನೆಯ ಮಾಲೀಕರು ಒಳ್ಳೆಯವರು, ಆದರೆ ಯಾರೂ ನನ್ನನ್ನು ಬೈಯುವುದಿಲ್ಲ.

ನಾನು ಚಿಂತಾಮಣಿ ಕಡೆಯ ರಾಗಿ ಹೊಲದ ಮನೆತನದವಳು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿ ಬಂದಾಗ ಅವರ ಮನೆಯ ಮುಂಭಾಗದ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಒಳಭಾಗದಲ್ಲಿ ಅವರೊಬ್ಬರೇ ಇದ್ದರು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಪ್ರಭಾಕರನ ಫೋಟೋ ಗೋಡೆಯ ಮೇಲಿತ್ತು. ಆಕ್ಸಿಡೆಂಟಿನಲ್ಲಿ ಹೋದನಂತೆ ಎಂದು ಎದುರುಮನೆಯವರು ಹೇಳಿದ್ದಷ್ಟೇ ನನಗೆ ಗೊತ್ತಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆ ವರ್ಷ ಅವರ ಕಣ್ಣಿನ ನರ ಒಣಗುತ್ತಿದೆ ಎಂದರು ಡಾಕ್ಟರು. ಮನುಷ್ಯರು ಕಾಣುತ್ತಿದ್ದರು, ಅಕ್ಷರ ಕಾಣುತ್ತಿರಲಿಲ್ಲ. ಮೈದುನನ ಮಗ ಬಂದು, ಸತ್ಯವೇದವನ್ನು ತಾನೇ ಓದುವ ಒಂದು ಆ್ಯಪನ್ನು ಫೋನಿಗೆ ಹಾಕಿಕೊಟ್ಟು ಹೋದ. ಎರಡು ದಿನ ಕೇಳಿ ಆಫ್ ಮಾಡಿಬಿಟ್ಟರು.

"ಯಾಕಮ್ಮ, ಚೆನ್ನಾಗಿ ಓದುತ್ತಲ್ಲ?"

"ಚೆನ್ನಾಗೇ ಓದುತ್ತೆ. ಕಷ್ಟದ ಮಾತು ಬಂದ್ರೂ ನಿಲ್ಲಲ್ಲ ಕಣಮ್ಮ, ಓಡ್ಕೊಂಡೇ ಹೋಗುತ್ತೆ. ಅದಕ್ಕೆ ಗಂಟಲು ಕಟ್ಟಲ್ಲ. ನೀನು ಓದ್ತೀಯಾ?"

ಹೀಗೆ ನಾನು ಸಿಕ್ಕಿಬಿದ್ದೆ. ಊರಿಗೆ ಹೋದಾಗ ಈ ವಿಷಯ ಹೇಳಿದರೆ ನಮ್ಮಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. "ಓದಿ ಓದಿ ನೀನೂ ಅವ್ರ ಚರ್ಚ್‌ಗೆ ಸೇರ್ಕೊಂಡ್ರೆ ಏನೇ ಗತಿ?" ಎಂದರು. ಅದನ್ನು ಎಸ್ತರಮ್ಮನವರಿಗೆ ಹೇಳಿದೆ. "ನಿಮ್ಮಮ್ಮಂಗೆ ಹೇಳು, ನಿನ್ನ ಕಟ್ಕೊಂಡು ನಾನೇನು ಮಾಡ್ಲಿ, ನಿನ್ನ ಕಣ್ಣು ಎರಡು ಕೊಟ್ರೆ ಸಾಕು" ಎಂದರು.

ಬೂದಿ ಬುಧವಾರದಿಂದ ಈಸ್ಟರ್ ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು, ನಲವತ್ತು ದಿನ ಕ್ರೈಸ್ತರಿಗೆ ಉಪವಾಸದ, ಪಶ್ಚಾತ್ತಾಪದ ಕಾಲ. ಲೆಂಟು ಎನ್ನುತ್ತಾರೆ. ಆ ದಿನಗಳಲ್ಲಿ ಅವರ ಚರ್ಚಿನ ಸಭೆಯ ಉಳಿದವರು ಯೇಸುವಿನ ಶ್ರಮೆಯ, ಯಾತನೆಯ ಅಧ್ಯಾಯಗಳನ್ನು ಓದಿದರೆ ಎಸ್ತರಮ್ಮ ಪ್ರವಾದಿಗಳನ್ನು ಓದುತ್ತಿದ್ದರು. ಶಿಲುಬೆಯ ಹತ್ತಿರ ಹೋಗುವ ಮೊದಲು ಮುಖ ತೊಳೆದುಕೊಳ್ಳಬೇಕು, ಅದಕ್ಕೆ ಇವರು ಬೇಕು ಎಂದು ಅವರ ವಾದ. ಒಂದು ವರ್ಷ ದೊಡ್ಡ ಪ್ರವಾದಿಗಳು, ಯೆಶಾಯ, ಯೆರೆಮೀಯ, ಯೆಹೆಜ್ಕೇಲ. ಮರುವರ್ಷ ಚಿಕ್ಕ ಪ್ರವಾದಿಗಳು, ಹನ್ನೆರಡು ಜನ. ದೊಡ್ಡವರು ಚಿಕ್ಕವರು ಎನ್ನುವುದು ಪುಸ್ತಕದ ಗಾತ್ರದಿಂದ ಅಷ್ಟೇ, ಬೈಯುವುದರಲ್ಲಿ ಯಾರೂ ಚಿಕ್ಕವರಲ್ಲ. ಚಿಕ್ಕವರ ವರ್ಷ ದಿನಕ್ಕೆ ಎರಡು ಅಧ್ಯಾಯ. ಶುರುಮಾಡಿದ ಪ್ರವಾದಿಯನ್ನು ನಡುವೆ ಬಿಡುವಂತಿಲ್ಲ. ಜ್ವರ ಬರಲಿ, ಕರೆಂಟು ಹೋಗಲಿ, ನೆಂಟರು ಬರಲಿ, ಅವನು ಹೇಳಬೇಕಾದ್ದನ್ನು ಹೇಳಿ ಮುಗಿಸುವವರೆಗೆ ಕೂರಬೇಕು.

ಅವರ ಬಾಯಲ್ಲಿ ಪ್ರವಾದಿಗಳೆಲ್ಲ ಹಿಂದಿನ ಬೀದಿಯಲ್ಲೇ ಇದ್ದವರು. ಆಮೋಸನ ಬಗ್ಗೆ, "ನಿಮ್ಮಪ್ಪನ ಥರ ಕಣಮ್ಮ. ಹೊಲದಿಂದ ಸೀದಾ ಎದ್ದು ಬಂದು ಮಾತಾಡ್ತಾನೆ, ಒಗ್ಗರಣೆ ಇಲ್ಲ" ಎನ್ನುತ್ತಿದ್ದರು. ಹೋಶೇಯನ ಹೆಸರು ಬಂದರೆ ನಿಟ್ಟುಸಿರು. "ಪಾಪ, ಮನೆ ಕಷ್ಟಾನ ಬೀದೀಲಿ ನಿಂತು ಹೇಳ್ಬೇಕಾಯ್ತು ಅವ್ನು." ಹಬಕ್ಕೂಕನ ಮೇಲೆ ಒಂದು ಬಗೆಯ ಮೆಚ್ಚುಗೆ. "ಇವ್ನೊಬ್ಬನೇ ನೋಡು, ದೇವ್ರಿಗೇ ತಿರುಗಿ ಕೇಳ್ದೋನು."

ನಾನು ಶಾಲೆಯಲ್ಲಿ ಪದ್ಯಪಾಠಕ್ಕೆ ಹೆಸರಾದವಳು. ಆಮೋಸ ಸಿಕ್ಕಿದ ದಿನ ನನ್ನ ಕಂಠವನ್ನೆಲ್ಲ ಹೊರತೆಗೆದು, ಗುಡುಗಿ, ಬೆರಳು ತೋರಿಸಿ ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೈ ಎತ್ತಿ ನಿಲ್ಲಿಸಿದರು.

"ನಾಟ್ಕ ಮಾಡ್ಬೇಡಮ್ಮ. ಅವ್ನಿಗೆ ಬೈಯೋದು ಇಷ್ಟ ಇರ್ಲಿಲ್ಲ. ಹೇಳ್ಲೇಬೇಕು ಅಂತ ಹೇಳ್ತಿದಾನೆ. ಇಷ್ಟ ಇಲ್ದೇ ಇರೋನ ಥರ ಓದು."

ಅಂದಿನಿಂದ ನಾನು ಓದುವ ರೀತಿಯೇ ಬದಲಾಯಿತು. ತರಗತಿಯಲ್ಲೂ ಬದಲಾಯಿತು. ಮಕ್ಕಳನ್ನು ಗದರುವ ಮೊದಲು ಈಗಲೂ ಒಂದು ಕ್ಷಣ ತಡೆಯುತ್ತೇನೆ, ನನಗೆ ಇದು ಇಷ್ಟವಾಗುತ್ತಿದೆಯೇ ಎಂದು. ಬಹಳ ಸಲ ಇಷ್ಟವಾಗುತ್ತಿರುತ್ತದೆ.

ಒಂದೊಂದು ದಿನ ಓದಿನ ನಡುವೆ ಅವರು "ಇದು ನಂಗೆ" ಎನ್ನುತ್ತಿದ್ದರು. ಹಾಗೆಂದರೆ ಮರುದಿನ ನನಗೆ ಕೆಲಸ ಇದೆ ಎಂದೇ ಅರ್ಥ. ಬಡವರನ್ನು ತುಳಿಯುವವರ ಮಾತು ಬಂದ ಸಂಜೆ ಹಾಗೆಂದರು. ಮರುದಿನ ನನ್ನ ಕೈಹಿಡಿದುಕೊಂಡು ಊರಾಚೆಯ ಕಾಲೋನಿಗೆ ಹೊರಟರು. ಎಷ್ಟೋ ವರ್ಷಗಳ ಹಿಂದೆ, ನೋವು ತಿನ್ನುತ್ತಿದ್ದ ಕೂಲಿ ಹೆಂಗಸೊಬ್ಬಳನ್ನು ಡ್ಯೂಟಿ ಮುಗಿಯುವ ಹೊತ್ತೆಂದು ವರಾಂಡದಲ್ಲೇ ಕೂರಿಸಿದ್ದರಂತೆ. ಅವಳನ್ನು ಹುಡುಕಿ ಕ್ಷಮೆ ಕೇಳಬೇಕು. ಹುಡುಕಿದಾಗ ಆಕೆ ಸಿಕ್ಕಳು. ಅವಳಿಗೆ ಅದ್ಯಾವುದೂ ನೆನಪಿರಲಿಲ್ಲ. "ಬಿಡಮ್ಮೋ, ಮಗ ಚೆನ್ನಾಗವ್ನೆ" ಎಂದು ಟೀ ಕುಡಿಸಿ ಕಳಿಸಿದಳು. ದಾರಿಯಲ್ಲಿ ಎಸ್ತರಮ್ಮನವರ ಮುಖ ಚಿಕ್ಕದಾಗಿತ್ತು. "ಅವಳು ಮರೆತುಬಿಟ್ಟವ್ಳೆ. ನಾನು ನೆನಪು ಮಾಡ್ಬಿಟ್ನಲ್ಲ" ಎಂದರು.

ಸಭೆಯ ಅಯ್ಯನವರು, ಎಂದರೆ ಪಾಸ್ಟರು, ವಯಸ್ಸಿನಲ್ಲಿ ಚಿಕ್ಕವರು. ಲೆಂಟಿನ ಬುಧವಾರಗಳಲ್ಲಿ ಮನೆಮನೆಯ ಪ್ರಾರ್ಥನೆ ನಡೆಯುತ್ತದೆ. ಇವರ ಮನೆಯ ಸರದಿ ಬಂದ ದಿನ ಅಯ್ಯನವರು ಇಸ್ರಾಯೇಲ್ಯರ ಪಾಪಗಳನ್ನು ಉದ್ದಕ್ಕೆ ವಿವರಿಸಿದರು. ಎಸ್ತರಮ್ಮ ಸ್ಟೂಲಿನಿಂದಲೇ, "ಅಯ್ಯನೋರೇ, ಅವ್ರೆಲ್ಲ ತೀರ್ಕೊಂಡು ಬಹಳ ದಿನ ಆಯ್ತು. ಪ್ರವಾದಿ ಇವತ್ತು ಯಾರಿಗೆ ಹೇಳ್ತಿದಾನೆ ನೋಡಿ" ಎಂದರು. ಅಯ್ಯನವರು ನಕ್ಕು ಪುಸ್ತಕ ಮುಚ್ಚಿದರು. ಅವತ್ತು ಕಡಲೆಕಾಳಿನ ಉಸಲಿ ಬೇಗ ಬಂತು.

ಇಷ್ಟು ನೇರವಾದ ಹೆಂಗಸು ವರ್ಷಕ್ಕೊಂದು ಸಲ ಸುಳ್ಳು ಹೇಳುತ್ತಿದ್ದರು. ಅದೂ ಲೆಂಟಿನಲ್ಲೇ.

ಗುಡ್ ಫ್ರೈಡೇಗೆ ವಾರವೋ ಹತ್ತು ದಿನವೋ ಇರುವಾಗ ಒಬ್ಬ ಮನುಷ್ಯ ಬರುತ್ತಿದ್ದ. ನಲವತ್ತೈದರ ಆಸುಪಾಸು, ತೊಳೆದ ಬಿಳಿ ಷರಟು, ಕೈಯಲ್ಲಿ ನುಗ್ಗೆಕಾಯಿಯದೋ ಸೊಪ್ಪಿನದೋ ಒಂದು ಚೀಲ. ಗೇಟಿನ ಆಚೆಯೇ ನಿಂತು "ಅಮ್ಮಾ" ಎನ್ನುತ್ತಿದ್ದ. ಎಸ್ತರಮ್ಮ ಒಳಗಿನಿಂದ, ಬಾಗಿಲ ಹಿಂದೆ ನಿಂತು, ತಮ್ಮದೇ ದನಿಯಲ್ಲಿ, "ಮನೇಲಿ ಯಾರೂ ಇಲ್ಲಪ್ಪ" ಎನ್ನುತ್ತಿದ್ದರು. ಅವನು ಸ್ವಲ್ಪ ಹೊತ್ತು ನಿಂತು, ಚೀಲವನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಅದು ಎದುರುಮನೆಯ ಹಸುವಿಗೆ. ಮೊದಲ ವರ್ಷ ನನಗೆ ನಗು ಬಂತು. ಯಾರು ಎಂದು ಕೇಳಿದ್ದಕ್ಕೆ "ಯಾರೋ" ಎಂದರು.

ಎರಡನೆಯ ವರ್ಷ ಅವನು ಬಂದ ದಿನ ಅವರಿಗೆ ಮೈ ಸರಿಯಿರಲಿಲ್ಲ. ಅವನ ದನಿ ಕೇಳಿದ್ದೇ ಗೋಡೆ ಹಿಡಿದುಕೊಂಡು ಬಾಗಿಲಿನ ಕಡೆ ಹೊರಟರು. ನನಗೆ ಸಿಟ್ಟು ಬಂತು, ನನಗದು ಬೇಗ ಬರುತ್ತದೆ. ಹೊರಗೆ ಹೋಗಿ, "ಏನ್ರೀ ನಿಮಗೆ, ಒಂದ್ಸಲ ಹೇಳಿದ್ರೆ ತಿಳಿಯಲ್ವಾ? ವಯಸ್ಸಾದವರಿಗೆ ಯಾಕೆ ತೊಂದರೆ ಕೊಡ್ತೀರಿ? ಇನ್ನು ಈ ಕಡೆ ಬರಬೇಡಿ" ಎಂದೆ. ಅವನು ಚೀಲವನ್ನು ಗೇಟಿಗೆ ಸಿಕ್ಕಿಸಿದ. "ದಿಬ್ಬೂರಹಳ್ಳಿ ಚಲಪತಿ ಬಂದಿದ್ದ ಅಂತ ಹೇಳಮ್ಮ. ಒಂದು ಮಾತಿತ್ತು" ಎಂದು ಹೋದ. ನಾನು ಒಳಗೆ ಬಂದು ಏನನ್ನೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂದೇ ಅಂದುಕೊಂಡಿದ್ದೆ.

ಮೂರನೆಯ ವರ್ಷ ಚಿಕ್ಕ ಪ್ರವಾದಿಗಳ ಸರದಿ. ಅವರ ಹಳೆಯ ಸತ್ಯವೇದದ ಅಕ್ಷರ ಇರುವೆಯಷ್ಟು, ನನಗೂ ಚಾಳೀಸು ಬಂದಿತ್ತು. ಚಿಕ್ಕಬಳ್ಳಾಪುರಕ್ಕೆ ಮೌಲ್ಯಮಾಪನಕ್ಕೆ ಹೋದಾಗ ದೊಡ್ಡಕ್ಷರದ ಹೊಸ ಪ್ರತಿಯೊಂದನ್ನು ಕೊಂಡು ತಂದು ಅವರ ಮಡಿಲಿಗಿಟ್ಟೆ. ಸವರಿ ನೋಡಿ ಸಂತೋಷಪಟ್ಟರು. ಹಳೆಯದರಲ್ಲಿ ಒಂದೆಡೆ ಕೆಲವು ಹಾಳೆಗಳನ್ನು ಸೇರಿಸಿ ಸೇಫ್ಟಿ ಪಿನ್ ಹಾಕಿತ್ತು. ಮೊದಲ ವರ್ಷ ಕೇಳಿದಾಗ, "ಹರಿದಿದೆ, ಬಿಡು, ಮುಂದಿಂದು ತೆಗಿ" ಎಂದಿದ್ದರು. ಆ ಹಾಳೆಗಳಲ್ಲಿ ಯಾರಿದ್ದಾರೆಂದು ನಾನು ನೋಡಿರಲೇ ಇಲ್ಲ.

ಹೊಸ ಪುಸ್ತಕದಲ್ಲಿ ಪಿನ್ನಿರಲಿಲ್ಲ. ಓಬದ್ಯನದು ಒಂದೇ ಅಧ್ಯಾಯ, ಹಿಂದಿನ ದಿನವೇ ಮುಗಿದಿತ್ತು. ಪುಟ ತಿರುಗಿಸಿ ಮುಂದಿನದನ್ನು ಓದತೊಡಗಿದೆ. ಯೋನ. ಎರಡು ಸಾಲು ಆಗುವುದರೊಳಗೆ ಎಸ್ತರಮ್ಮ ಕೈ ಎತ್ತಿದರು. ನಾನು ಓದು ನಿಲ್ಲಿಸಿ ನೋಡಿದೆ. ಕೈ ಹಾಗೆಯೇ ಮೇಲೆ ಇದ್ದು, ಆಮೇಲೆ ಮೆಲ್ಲಗೆ ಮಡಿಲಿಗೆ ಇಳಿಯಿತು. "ಓದು. ಶುರುವಾಗಿಬಿಡ್ತಲ್ಲ" ಎಂದರು. ಅವರದೇ ಕಟ್ಟಳೆ ಅವರನ್ನು ಹಿಡಿದುಕೂರಿಸಿತ್ತು.

ಅವತ್ತು ಎರಡು ಅಧ್ಯಾಯ, ಮರುದಿನ ಎರಡು. ದೇವರು ಯೋನನಿಗೆ, ನಿನವೆ ಎಂಬ ಶತ್ರುಗಳ ಪಟ್ಟಣಕ್ಕೆ ಹೋಗಿ ಎಚ್ಚರಿಕೆ ಹೇಳು ಎನ್ನುತ್ತಾನೆ. ಇವನು ತಪ್ಪಿಸಿಕೊಂಡು ಹಡಗು ಹತ್ತುತ್ತಾನೆ, ಮೀನಿನ ಹೊಟ್ಟೆ ಸೇರುತ್ತಾನೆ, ಕೊನೆಗೆ ಹೋಗಿ ಹೇಳುತ್ತಾನೆ. ಆ ಜನ ಬೂದಿಯಲ್ಲಿ ಕೂತು ಅಳುತ್ತಾರೆ, ದೇವರು ಅವರನ್ನು ಶಿಕ್ಷಿಸದೆ ಬಿಟ್ಟುಬಿಡುತ್ತಾನೆ. ಯೋನನಿಗೆ ಅದೇ ಕೋಪ. ಊರಾಚೆ ಹೋಗಿ ಮುನಿಸಿಕೊಂಡು ಕೂರುತ್ತಾನೆ. ನೆರಳು ಕೊಟ್ಟ ಬಳ್ಳಿಯೊಂದು ಒಣಗಿದ್ದಕ್ಕೆ ಸಂಕಟಪಡುವ ಅವನನ್ನು ದೇವರು ಕೇಳುತ್ತಾನೆ: ನಿನಗೆ ಒಂದು ಬಳ್ಳಿಯ ಮೇಲೆ ಅಷ್ಟು ಮರುಕ, ನನಗೆ ಇಷ್ಟೊಂದು ಜನರ ಮೇಲೆ ಇರಬಾರದೇ?

"ಆಮೇಲೆ?" ಎಂದರು.

"ಮುಗೀತಮ್ಮ. ಯೋನ ಏನು ಉತ್ತರ ಕೊಟ್ಟ ಅಂತ ಬರೆದೇ ಇಲ್ಲ."

"ಗೊತ್ತು. ಅದಕ್ಕೇ ಪಿನ್ ಹಾಕಿದ್ದು."

ಆಮೇಲೆ ಹೇಳಿದರು. ಹನ್ನೊಂದು ವರ್ಷದ ಹಿಂದೆ, ಲೆಂಟಿನ ಒಂದು ಶುಕ್ರವಾರ, ಪ್ರಭಾಕರ ಲ್ಯಾಬಿನ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಹರಾಜಿನ ಹೊತ್ತಿಗೆ ಮಾರುಕಟ್ಟೆ ಮುಟ್ಟಬೇಕೆಂದು ರೇಷ್ಮೆಗೂಡು ತುಂಬಿಕೊಂಡು ಓಡಿಸುತ್ತಿದ್ದ ಟೆಂಪೋ ತಿರುವಿನಲ್ಲಿ ಅವನಿಗೆ ಹೊಡೆಯಿತು. ಓಡಿಸುತ್ತಿದ್ದವನು ಚಲಪತಿ. ಹುಡುಗ ಅಲ್ಲೇ ಹೋದ, ನೋವು ತಿಳಿಯಲಿಲ್ಲ ಎಂದು ಮೈದುನ ಬಂದು ಹೇಳಿದ್ದ. ಕೋರ್ಟು, ಕೇಸು ಎಲ್ಲ ಮೈದುನನೇ ನೋಡಿಕೊಂಡ. ಚಲಪತಿಗೆ ಜೈಲಾಯಿತು, ಬಿಟ್ಟೂ ಬಂದ. ಅಂದಿನಿಂದ ಪ್ರತಿ ಲೆಂಟಿನಲ್ಲಿ ಗೇಟಿನ ಹತ್ತಿರ ನಿಲ್ಲುತ್ತಿದ್ದ.

"ಕ್ಷಮೆ ಕೇಳಕ್ಕೆ ಬರ್ತಾನೆ. ನಾನು ಊರೆಲ್ಲ ತಿರುಗಿ ಕ್ಷಮೆ ಕೇಳ್ತೀನಿ, ಇವ್ನಿಗೆ ಮಾತ್ರ ಕೊಡಲ್ಲ. ಈ ಸಲ ಬರ್ಲಿ, ಬಾಗಿಲು ತೆಗೀತೀನಿ."

ಮರುದಿನದಿಂದ ಮುಂಬಾಗಿಲು ತೆರೆದೇ ಇರುತ್ತಿತ್ತು. ಮೀಕ ಆಯಿತು, ನಹೂಮ ಆಯಿತು, ಹಬಕ್ಕೂಕ ಆಯಿತು. ಗೇಟು ಕಿರುಗುಟ್ಟಿದರೆ ಓದು ನಿಲ್ಲಿಸು ಎನ್ನುವಂತೆ ಕೈ ಎತ್ತುತ್ತಿದ್ದರು. ಹಾಲಿನವನು, ಕೊರಿಯರಿನವನು, ಎದುರುಮನೆಯವರು. ಚಲಪತಿ ಬರಲಿಲ್ಲ. ಏಕೆ ಬರುತ್ತಿಲ್ಲವೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ. ಹನ್ನೆರಡನೆಯವನು ಮಲಾಕಿಯ, ಅವನನ್ನು ಓದಿ ಮುಗಿಸಿದ್ದು ಗುಡ್ ಫ್ರೈಡೇ ಸಂಜೆ. ಪುಸ್ತಕ ಮುಚ್ಚಿ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನೀನೇನು ಹೊಸದಾಗಿ ಹೇಳ್ಲಿಲ್ಲ ಬಿಡು. ನಾನು ಹೇಳ್ತಿದ್ದಿದ್ದನ್ನೇ ಸ್ವಲ್ಪ ಜೋರಾಗಿ ಹೇಳ್ದೆ" ಎಂದರು. "ನಾಳೆ ದಿಬ್ಬೂರಹಳ್ಳಿಗೆ ಹೋಗಣ."

ಗುರುವಾರ ರಾತ್ರಿಯಿಂದ ಈಸ್ಟರಿನ ಬೆಳಗಿನವರೆಗೆ ಅವರು ನೀರು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಶನಿವಾರ ಸುಡುಬಿಸಿಲು. ಈ ಹೊಟ್ಟೆಯಲ್ಲಿ ಬೇಡ, ಸೋಮವಾರ ಹೋಗೋಣ ಎಂದೆ. ಕೇಳಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು, ಅದೇ ಇಸ್ತ್ರಿ ಸೀರೆಯಲ್ಲಿ, ನೆಟ್ಟಗೆ ಕೂತಿದ್ದರು.

ಚಲಪತಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆ ಆಕ್ಸಿಡೆಂಟ್ ಆದಮೇಲೆ ಅವರು ಗಾಡಿ ಮುಟ್ಟಿಲ್ಲ, ರೇಷ್ಮೆ ಹುಳ ಸಾಕುತ್ತಾರೆ ಎಂದು ದಾರಿ ತೋರಿಸಿದವರು ಹೇಳಿದರು. ಮನೆಯ ಒಂದು ಭಾಗವೇ ಹುಳುಮನೆ. ನಮ್ಮನ್ನು ಕಂಡು ಅವರ ಹೆಂಡತಿ ಓಡಿಬಂದು ಬಾಗಿಲಿಗೆ ಅಡ್ಡ ನಿಂತರು. "ಕೋಪ ಮಾಡ್ಕೋಬೇಡಿ, ಒಳಕ್ಕೆ ಬರ್ಬೇಡಿ. ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಹೊರಗಿನೋರು ಬಂದ್ರೆ ಕಾಯಿಲೆ ತಗಲುತ್ತೆ. ಇಲ್ಲೇ ಕೂಚೋಂಡಿ" ಎಂದು ಜಗಲಿಯ ಮೇಲೆ ಚಾಪೆ ಹಾಸಿದರು. ಎಸ್ತರಮ್ಮ ಕೂತರು. ಒಳಗೆ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಹೊರಗೂ ಕೇಳುತ್ತಿತ್ತು. ಸೊಪ್ಪು ಹಾಕಿ ಮುಗಿಯುವವರೆಗೆ ಚಲಪತಿ ಹೊರಗೆ ಬರುವ ಹಾಗಿಲ್ಲವಂತೆ. ಅರ್ಧ ಗಂಟೆಯಾದರೂ ಕಾದಿರಬೇಕು.

ಚಲಪತಿ ಹೊರಗೆ ಬಂದು ನೋಡಿ ಕಂಬ ಹಿಡಿದುಕೊಂಡರು. "ಮೀರಾ ಅಮ್ಮಾ?" ಎಂದರು. ನೀವಾ ಅಮ್ಮಾ ಎನ್ನಲು ಹೋಗಿ ಗಾಬರಿಯಲ್ಲಿ ತೆಲುಗೇ ಬಂತು.

"ನಾನೇ ಕಣಪ್ಪ. ಏನೋ ಮಾತಿದೆ ಅಂದಿದ್ಯಂತೆ. ಕೇಳಕ್ಕೆ ಬಂದೆ."

ಚಲಪತಿ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಕ್ಷಮೆ ಕೇಳುತ್ತಾರೆಂದು ನಾವಿಬ್ಬರೂ ಕಾದೆವು. ಅವರು ಹೇಳಿದ್ದೇ ಬೇರೆ.

"ಆ ಹುಡ್ಗ ಅಲ್ಲೇ ಹೋಗ್ಲಿಲ್ಲ ಅಮ್ಮಾ. ಎತ್ತಿ ಮುಂದಿನ ಸೀಟಲ್ಲಿ ಮಲಗಿಸ್ಕೊಂಡೆ, ತಲೆ ನನ್ ತೊಡೆ ಮೇಲೆ. ಆಸ್ಪತ್ರೆ ಗೇಟು ತನಕ ಮಾತಾಡ್ತಾ ಇದ್ದ. ಮನೆ ಎಲ್ಲಿ ಅಂತ ಹೇಳ್ದ. 'ಅಣ್ಣ, ಅಮ್ಮ ಉಪವಾಸ ಅವಳೆ, ನಾನು ಹೋಗೋ ತನಕ ಬಾಯಿಗೆ ಏನೂ ಹಾಕಲ್ಲ. ಕಾಯ್ಬೇಡ, ಊಟ ಮಾಡು ಅಂತ ಹೇಳು' ಅಂದ. ಹೇಳ್ತೀನಿ ಅಂತ ಕೈ ಮೇಲೆ ಕೈ ಹಾಕ್ದೆ. ಜೈಲಿಂದ ಬಂದ್ಮೇಲೆ ಅದನ್ನ ಹೇಳಕ್ಕೇ ಬರ್ತಿದ್ದೆ. ಅವತ್ತಿನ ಕಾಲ ಬಂದಾಗ ನಂಗೂ ನಿದ್ದೆ ಬರಲ್ಲಮ್ಮ. ಕ್ಷಮಿಸು ಅಂತ ಕೇಳೋ ಮುಖ ನಂದಲ್ಲ. ಅವ್ನ ಮಾತು ಮುಟ್ಟಿಸ್ಬೇಕಿತ್ತು, ಅಷ್ಟೇ."

ಎಸ್ತರಮ್ಮ ಅಳಲಿಲ್ಲ. ನಾನು ಅತ್ತೆ, ತಡೆಯಲಾಗಲಿಲ್ಲ. ಎರಡು ವರ್ಷ ಹಸುವಿಗೆ ಹಾಕಿದ ಆ ಚೀಲಗಳು, ನಾನು ಗೇಟಿನ ಹತ್ತಿರ ನಿಂತು ಆಡಿದ ಮಾತು, ಎಲ್ಲ ಒಟ್ಟಿಗೆ ನೆನಪಾದವು. ಎಸ್ತರಮ್ಮ ತಲೆ ಎತ್ತಿ ಕೇಳಿದರು.

"ಮನೇಲಿ ತಿನ್ನಕ್ಕೆ ಏನಿದೆ ಚಲಪತಿ?"

ಹೆಂಡತಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ಈಸ್ಟರಿಗೆ ಇನ್ನೂ ಒಂದು ರಾತ್ರಿ ಇತ್ತು. ಇಷ್ಟು ವರ್ಷ ಒಂದು ಗಂಟೆಯಷ್ಟೂ ಆ ಉಪವಾಸ ಮುರಿಯದಿದ್ದವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಚಲಪತಿ ಕೈಕಟ್ಟಿ ನಿಂತೇ ಇದ್ದರು. "ನೀನೂ ಕೂತ್ಕೊಳಪ್ಪ, ಒಬ್ಬಳೇ ಉಣ್ಣಕ್ಕಾಗಲ್ಲ" ಎಂದರು. ಅವರೂ ತಟ್ಟೆ ಹಿಡಿದು ಎದುರು ಕೂತರು. ಕ್ಷಮಿಸಿದೆ ಎಂಬ ಮಾತನ್ನು ಎಸ್ತರಮ್ಮ ಅಂದೂ ಆಡಲಿಲ್ಲ, ಆಮೇಲೂ ನನ್ನ ಹತ್ತಿರ ಆಡಲಿಲ್ಲ. ಮುದ್ದೆ ಪೂರ್ತಿ ಉಂಡರು, ಸಾರನ್ನು ಇನ್ನೊಮ್ಮೆ ಹಾಕಿಸಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಒಟ್ಟಿಗೆ ಸೀಟು ಸಿಕ್ಕಿತು. ನನ್ನ ಭುಜಕ್ಕೆ ತಲೆ ಆನಿಸಿಕೊಂಡರು. ಅವರು ಹಾಗೆ ಒರಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಶಿಡ್ಲಘಟ್ಟ ಹತ್ತಿರ ಬಂದಾಗ ಮೆಲ್ಲಗೆ ಹೇಳಿದರು.

"ಪ್ರತಿ ವರ್ಷ ನನ್ ಮಗ ಊಟ ಮಾಡಮ್ಮ ಅಂತ ಹೇಳಿ ಕಳಿಸ್ತಿದ್ದ. ನಾನು ಬಾಗಿಲು ತೆಗೀಲಿಲ್ಲ."